ನಾನು ಕೂರದ ಕುರ್ಚಿಗಳು

ಬಡಗಿ ಮೇಸ್ತ್ರಿಗಳಿಗೆ ನಮಸ್ಕಾರ.

ನಾನು ಕೂತು ನೋಡದೆ ನಮ್ಮ ಕಾರ್ಖಾನೆಯಿಂದ ಒಂದು ಕುರ್ಚಿಯೂ ಹೊರಗೆ ಹೋದದ್ದಿಲ್ಲ. ಹಾಗಾಗಿ ಕಾಲು ಮುರಿದು ಮಲಗಿದಾಗ, ಗ್ರಂಥಾಲಯದ ಆರ್ಡರ್ ಕೈತಪ್ಪಿತು ಎಂದೇ ಅಂದುಕೊಂಡೆ. ಆಗ ನೀವು, "ನಿಮ್ಮ ಕಾಲು ನೀವು ನೋಡ್ಕೊಳ್ಳಿ ಯಜಮಾನ್ರೇ, ಕುರ್ಚಿ ಕಾಲು ನಾವು ನೋಡ್ಕೋತೀವಿ" ಎಂದಿರಿ.

ನಿನ್ನೆ ಗ್ರಂಥಪಾಲಕಿ ಫೋನ್ ಮಾಡಿ, "ಒಂದೂ ಅಲುಗಾಡ್ತಿಲ್ಲ ಸಾರ್, ಹೋದ ಸಲಕ್ಕಿಂತ ಚೆನ್ನಾಗಿವೆ" ಎಂದರು. ಖುಷಿಪಡಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಿಮ್ಮೆಲ್ಲರಿಗೂ ನಾನು ಋಣಿ.

"ಯಜಮಾನ ಕೂರಬೇಕು, ಆಮೇಲೆ ಕುರ್ಚಿ ಮನೆ ಸೇರಬೇಕು" ಎಂದು ಗೋಡೆಗೆ ಬರೆಸಿದ ನನ್ನ ಪ್ರಾಸಕ್ಕೆ ಸುಣ್ಣ ಬಳಿಸಿಬಿಡಿ.

ಇನ್ನು ಎದ್ದು ಕೂರಬಹುದು ಎಂದಿದ್ದಾರೆ ಡಾಕ್ಟರು. ಕೈಯಿರುವ ಕುರ್ಚಿಯೊಂದನ್ನು ಮನೆಗೆ ಕಳಿಸಿ. ಮರ, ಎತ್ತರ ಎಲ್ಲ ನಿಮ್ಮಿಷ್ಟ. ಅಲುಗಾಡಿಸಿ ನೋಡದೆ ಕೂರುತ್ತೇನೆ.

ಇಂತಿ,
ಕೂರುವ ಕೆಲಸ ಕಳೆದುಕೊಂಡ
ನಿಮ್ಮ ಯಜಮಾನ