ಗಂಡ ತಂದ ಪಿಸ್ತೂಲು

ಅಕ್ಟೋಬರ್ 3, ಶುಕ್ರವಾರ, ಮಧ್ಯಾಹ್ನ

...ಕ್ಷಮಿಸು ಮಾರಾಯ, ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಇಷ್ಟು ಹೊತ್ತು ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಕೆಂಪು ಗುಂಡಿ ಒತ್ತಿರಲೇ ಇಲ್ಲ. ಈಗ ಒತ್ತಿದ್ದೇನೆ. ದೀಪ ಉರಿಯುತ್ತಿದೆ. ಸರಿ.

ಯಂತ್ರದ ಹತ್ತಿರ ಕ್ಷಮೆ ಕೇಳುವವನು ಇಡೀ ಇಂಡಿಯಾನಾ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು.

ಈ ರೆಕಾರ್ಡರ್ ನನ್ನದಲ್ಲ, ಹೆಂಡತಿಯದು. ಮಾರ್ಚ್‌ನಲ್ಲಿ ಟ್ವೈಲಾಗೆ ಸ್ಟ್ರೋಕ್ ಆದ ಮೇಲೆ ಮಾತು ಕಲಿಸುವ ಹುಡುಗಿ ಕೊಟ್ಟಿದ್ದು. ದಿನಾ ಇದರಲ್ಲಿ ಸ್ವಲ್ಪ ಮಾತಾಡಿ ಅಂತ. ಟ್ವೈಲಾ ಒಂದೇ ಸಲ ಒತ್ತಿದಳು. "ನನ್ನ... ಹೆಸರು..." ಅಂದಳು. ಚಮಚದ ಡ್ರಾಯರಿಗೆ ಎಸೆದಳು. ನಾನು ಎತ್ತಿಕೊಂಡೆ. ಮನೆಮನೆಯ ಟ್ಯಾಂಕಿಗೆ ಗ್ಯಾಸ್ ತುಂಬಿಸುವ ಟ್ರಕ್ಕಿನಲ್ಲಿ ದಿನವಿಡೀ ಒಬ್ಬನೇ ಅಲ್ಲವೇ. ಒಂದು ಮನೆಯ ಟ್ಯಾಂಕ್ ತುಂಬುವಷ್ಟರಲ್ಲಿ ಬೇಕಾದಷ್ಟು ಮಾತಾಡಬಹುದು.

ಆ ಹುಡುಗಿ ನನಗೂ ಒಂದು ಹೇಳಿದ್ದಳು. "ಕೆಂಟ್, ಅವರ ಮಾತನ್ನ ನೀವು ಮುಗಿಸ್ಬೇಡಿ. ಕಾಯಿರಿ." ಕಾಯುವುದು... ಅದೊಂದು ನನ್ನಿಂದಾಗದು. ಅವಳು "ನನಗೆ" ಅನ್ನುವಷ್ಟರಲ್ಲಿ ನಾನು ನೀರು, ಕಂಬಳಿ, ಟಿವಿ ರಿಮೋಟ್ ಎಲ್ಲ ತಂದಿಟ್ಟಿರುತ್ತೇನೆ.

ವಿಷಯಕ್ಕೆ ಬರುತ್ತೇನೆ. ಪಿಸ್ತೂಲು ಕೊಂಡೆ. ಟ್ವೈಲಾಗೆ.

ಕ್ಲಬ್ಬಿನ ಶೂಟಿಂಗ್ ರೇಂಜಿನಲ್ಲಿ ಗುರುವಾರ ಸಂಜೆ ಹೆಂಗಸರದು. ಮದುವೆಯಾದಾಗಿನಿಂದ ಅವಳು ಗುರುವಾರ ತಪ್ಪಿಸಿದ್ದು ನನಗೆ ನೆನಪಿಲ್ಲ. ಗುಂಡು ಹೊಡೆಯುವುದು, ಗೆಳತಿ ಬರ್ನಿ ತಂದ ಪರ್ಸಿಮನ್ ಹಣ್ಣಿನ ಪುಡ್ಡಿಂಗ್ ತಿನ್ನುವುದು, ಗಂಡಂದಿರನ್ನು ಆಡಿಕೊಳ್ಳುವುದು. ಆಸ್ಪತ್ರೆಯಿಂದ ಬಂದವಳೇ ತನ್ನ ಪಿಸ್ತೂಲನ್ನು ತಂಗಿಯ ಮಗಳಿಗೆ ಕೊಟ್ಟುಬಿಟ್ಟಳು. ಬಲಗೈಯಲ್ಲಿ ಶಕ್ತಿಯಿಲ್ಲ. ಈಗ ಗುರುವಾರ ಬಂದರೆ ಪರದೆ ಎಳೆದು ಕೂರುತ್ತಾಳೆ. ಬರ್ನಿ ಫೋನ್ ಮಾಡಿದರೆ ಫೋನನ್ನು ನನ್ನ ಕೈಗೆ ತುರುಕುತ್ತಾಳೆ.

ಅವಳು ಮತ್ತೆ ಒಂದು ಗುರುವಾರ ಅಲ್ಲಿಗೆ ಹೋಗಬೇಕು. ನನಗೆ ಬೇರೇನೂ ಬೇಡ.

ನಾನು ಜಿಂಕೆ ಬೇಟೆಯ ಬಂದೂಕಿನವನು. ಪಿಸ್ತೂಲು ಗೊತ್ತಿಲ್ಲ. ಲೊವೆಲ್‌ನ ಅಂಗಡಿಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹಗುರದ್ದು ಆರಿಸಿದೆ. ಸೋತ ಕೈ ಅಲ್ಲವೇ. ಹಿಡಿಕೆ ನೇರಳೆ ಬಣ್ಣ. ಅವಳಿಗೆ ನೇರಳೆ ಇಷ್ಟ.

"ಅವಳನ್ನೇ ಕರ್ಕೊಂಡ್ ಬಾರಯ್ಯ," ಅಂದ ಲೊವೆಲ್. "ಅವಳ ಕೈಗೆ ಹೊಂದ್ಬೇಕಲ್ಲ."

"ಸರ್‌ಪ್ರೈಸ್ ಕಣೋ."

ಲೊವೆಲ್ ಏನೋ ಹೇಳಲು ಬಾಯಿ ತೆರೆದ. ನಾನು ಮಾತಾಡುತ್ತಲೇ ಇದ್ದೆ. ಮುಚ್ಚಿಕೊಂಡ.

ನಾಳೆ ರೇಂಜ್. ಶನಿವಾರ ಜನ ಕಡಿಮೆ.

ಅಕ್ಟೋಬರ್ 4, ಶನಿವಾರ, ಬೆಳಿಗ್ಗೆ

ಗ್ಯಾರೇಜಿನಲ್ಲಿದ್ದೇನೆ. ಅವಳು ಬೂಟು ಹಾಕಿಕೊಳ್ಳುತ್ತಿದ್ದಾಳೆ. ಸಹಾಯಕ್ಕೆ ಹೋದೆ. ಆಚೆ ಕಳಿಸಿದಳು.

ತಿಂಡಿ ಆದ ಮೇಲೆ ಪೆಟ್ಟಿಗೆ ಮುಂದಿಟ್ಟೆ. ಮುಚ್ಚಳ ತೆಗೆದಳು. ನೋಡಿದಳು. ನನ್ನ ಮುಖ ನೋಡಿದಳು. ಮತ್ತೆ ಪಿಸ್ತೂಲು ನೋಡಿದಳು.

ಯಾರು ಪಿಸ್ತೂಲು ಕೈಗೆ ಕೊಟ್ಟರೂ, ಖಾಲಿ ಇದೆ ಅಂತ ಅವರು ತೋರಿಸಿಯೇ ಕೊಟ್ಟರೂ, ತಗೊಂಡವರು ಮತ್ತೆ ತೆರೆದು ನೋಡಬೇಕು. ಇದರಲ್ಲಿ ಟ್ವೈಲಾ ದೇವರನ್ನೂ ನಂಬುವವಳಲ್ಲ. ಒಮ್ಮೆ ನಮ್ಮ ಚರ್ಚಿನ ಪಾದ್ರಿ ಅವಳ ಕೈಯಿಂದ ತಗೊಂಡ ಪಿಸ್ತೂಲನ್ನು ನೋಡದೆ ಹಾಗೇ ಜೇಬಿಗಿಳಿಸಲು ಹೋದಾಗ ವಾಪಸು ಕಿತ್ತುಕೊಂಡು, ನೋಡಿಯೇ ಇಟ್ಟುಕೊಳ್ಳಿ ಅಂತ ನಿಲ್ಲಿಸಿದ್ದಳು.

ಎಡಗೈಯಲ್ಲಿ ಹಿಡಿದಳು. ತೆರೆಯಲು ಬಲಗೈಯನ್ನು ನಳಿಗೆಯ ಮೇಲಿನ ಸ್ಲೈಡಿಗೆ ಹಾಕಿ ಹಿಂದಕ್ಕೆ ಎಳೆದಳು. ಬೆರಳು ಜಾರಿತು. ಇನ್ನೊಮ್ಮೆ ಎಳೆದಳು. ಜಾರಿತು. ಸ್ಪ್ರಿಂಗ್ ಭಾರಿ ಬಿಗಿ. ನನಗೆ ನೋಡಲಾಗಲಿಲ್ಲ.

"ಕೊಡು ಕೊಡು." ಇಸಿದುಕೊಂಡು ಎಳೆದು ತೋರಿಸಿದೆ. "ಖಾಲಿ. ನೋಡು."

ನೋಡಲಿಲ್ಲ. ಕಿಟಕಿಯ ಕಡೆ ತಿರುಗಿದ್ದಳು.

"ಚೆಂದ... ಇದೆ," ಅಂದಳು.

"ಬಣ್ಣ ಇಷ್ಟ ಆಯ್ತಾ?"

"ಹೂಂ."

ಇಷ್ಟವಾಯಿತಂತೆ! ಹೊರಡುತ್ತೇವೆ.

ಅಕ್ಟೋಬರ್ 4, ಶನಿವಾರ, ಹನ್ನೊಂದು ಗಂಟೆ

ರೇಂಜಿನ ಪಾರ್ಕಿಂಗ್. ಅವಳು ಕಾರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಾಳೆ. ನಾನು ಸಾಮಾನು ಎತ್ತಿಡುವ ನೆಪದಲ್ಲಿ ಹಿಂದೆ ನಿಂತಿದ್ದೇನೆ. ಮೆಲ್ಲಗೆ ಮಾತಾಡುತ್ತೇನೆ.

ತಗಡಿನ ಚಾವಣಿಯಡಿ ನಾವಿಬ್ಬರೇ. ಎದುರಿಗೆ ಮಣ್ಣಿನ ದಿಬ್ಬ, ಅದರ ಮುಂದೆ ಟಾರ್ಗೆಟ್ ಕಾಗದ. ಕನ್ನಡಕ ಹಾಕಿಸಿದೆ, ಕಿವಿಗೆ ಇಯರ್‌ಮಫ್ ಹಾಕಿಸಿದೆ, ಗುಂಡು ತುಂಬಿದೆ, ಸ್ಲೈಡ್ ಎಳೆದು ಕೊಟ್ಟೆ. ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಕೆಳಗೆ ಆಸರೆಯಾಗಿ ಕೊಟ್ಟಳು. ನಿಂತ ರೀತಿ ನೋಡಬೇಕಿತ್ತು. ಅದೇ ಹಳೇ ಟ್ವೈಲಾ.

ಹೊಡೆದಳು. ಪಿಸ್ತೂಲು ಮೀನಿನ ಹಾಗೆ ಕೈಯಲ್ಲೇ ಎಗರಿತು. ಖಾಲಿ ತೋಟಾ ಆಚೆ ಬೀಳದೆ ಮೇಲಿನ ಕಿಂಡಿಯಲ್ಲೇ ಸಿಕ್ಕಿಕೊಂಡು ನೆಟ್ಟಗೆ ನಿಂತಿತು. ನಾನು ತೆಗೆದೆ. ಎಳೆದು ಕೊಟ್ಟೆ. ಮತ್ತೆ ಹೊಡೆದಳು. ಮತ್ತೆ ಸಿಕ್ಕಿಕೊಂಡಿತು. ಪ್ರತಿ ಗುಂಡಿಗೂ ಇದೇ ಕಥೆ.

"ಇದರಲ್ಲೇ ಏನೋ ದೋಷ ಇದೆ. ಸೋಮವಾರ ಲೊವೆಲ್‌ನ ಮುಖಕ್ಕೆ ಎಸೀತೀನಿ. ಹೊಸಾದು ಹೀಗಾ ಇರೋದು? ನೀನೇನೂ ಬೇಜಾರ್ ಮಾಡ್ಕೋಬೇಡ, ನಿನ್ನ ಗುರಿ ಚೆನ್ನಾಗೇ ಇದೆ..." ಇನ್ನೂ ಏನೇನೋ ಅಂದೆ.

ಪಿಸ್ತೂಲನ್ನು ಬೆಂಚಿನ ಮೇಲಿಟ್ಟಳು. "ಸಾಕು."

ನಮ್ಮಲ್ಲಿ ಹೊಸ ಪಿಸ್ತೂಲಿನ ಮೊದಲ ಟಾರ್ಗೆಟ್ ಕಾಗದ, ಎಷ್ಟೇ ಕೆಟ್ಟದಾಗಿ ಹೊಡೆದಿರಲಿ, ಫ್ರಿಜ್ಜಿನ ಬಾಗಿಲಿಗೆ ಹೋಗುತ್ತದೆ. ಬಿಚ್ಚಿ ತಂದೆ. ಮೂಲೆಯಲ್ಲಿ ಒಂದೆರಡು ತೂತು. ಇಸಿದುಕೊಂಡಳು, ನೀಟಾಗಿ ಮಡಿಸಿದಳು, ಕಸದ ಪೀಪಾಯಿಗೆ ಹಾಕಿದಳು.

ಎದ್ದಳು. ಸಾಕು ಈಗ.

ಅಕ್ಟೋಬರ್ 6, ಸೋಮವಾರ, ಸಂಜೆ

ಲೊವೆಲ್ ಅಂಗಡಿಯ ಹಿಂದಕ್ಕೆ ಕರೆದೊಯ್ದ. ಮ್ಯಾಗಜೀನ್ ತುಂಬಾ ಗುಂಡು ಹಾಕಿ ಮಣ್ಣಿಗೆ ಹೊಡೆದ. ಹೊಲಿಗೆ ಯಂತ್ರದ ಹಾಗೆ ಓಡಿತು. ಒಂದೂ ಸಿಕ್ಕಿಕೊಳ್ಳಲಿಲ್ಲ.

"ಯಾರ್ ಹೊಡೆದಿದ್ದು?"

"ಟ್ವೈಲಾ."

ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಪಿಸ್ತೂಲ್‌ದೇನೂ ತಪ್ಪಿಲ್ಲ ಕೆಂಟ್. ಹಿಡಿದ ಕೈ ಗಟ್ಟಿ ನಿಂತ್ರೇನೇ ಇದು ಕೆಲ್ಸ ಮಾಡೋದು. ಮಣಿಕಟ್ಟು ಸೋತ್ರೆ ತೋಟಾ ಆಚೆ ಬೀಳಲ್ಲ."

"ಹಗುರ ಅಂತಾನೇ ತಗೊಂಡೆನಲ್ಲೋ."

"ಹಗುರ ಇದ್ದಷ್ಟೂ ಒದೆಯೋದು ಜಾಸ್ತಿ. ಜಿಂಕೆ ಹೊಡೆಯೋನು, ನಿಂಗ್ ಗೊತ್ತಿಲ್ವಾ?"

ಗೊತ್ತು. ಹಗುರ ಬಂದೂಕು ಭುಜ ಮುರಿಯುತ್ತದೆ ಅಂತ ಚಿಕ್ಕಂದಿನಿಂದಲೂ ಗೊತ್ತು. ಆದರೆ ಟ್ವೈಲಾಳ ಆ ಕೈ ನೆನೆಸಿಕೊಂಡರೆ ನನಗೆ ಬುದ್ಧಿಯೇ ಓಡುವುದಿಲ್ಲ. ಹಗುರ, ಹಗುರ, ಇದೊಂದೇ ತಲೆಯಲ್ಲಿ.

ಅಂದರೆ ಅವಳಿಗೆ ಅಲ್ಲೇ ಗೊತ್ತಾಗಿತ್ತು. ಮೊದಲ ಗುಂಡಿಗೇ. ಅಭ್ಯಾಸವಿಲ್ಲದ ಎಡಗೈ, ಆಸರೆಗೆ ಸೋತ ಬಲಗೈ. ನಾನು ಪಿಸ್ತೂಲನ್ನು ಬೈಯುತ್ತಿದ್ದೆ. ಅವಳು ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಮನೆಗೆ ಬಂದಾಗ ಪಾತ್ರೆ ಒರೆಸುತ್ತಿದ್ದಳು. ಎಡಗೈ ಹೆಬ್ಬೆರಳಿನ ಬುಡ ನೀಲಿಗಟ್ಟಿದೆ. ನನ್ನನ್ನು ನೋಡಿ ಬಟ್ಟೆಯೊಳಗೆ ಸರಿಸಿದಳು.

ಪೆಟ್ಟಿಗೆಯನ್ನು ಬೀರುವಿನ ಮೇಲೆ ಇಟ್ಟೆ.

ಅಕ್ಟೋಬರ್ 16, ಗುರುವಾರ, ಮಧ್ಯಾಹ್ನ

ಇಷ್ಟು ದಿನ ಈ ಗುಂಡಿ ಒತ್ತಿರಲಿಲ್ಲ. ಪೆಟ್ಟಿಗೆ ಬೀರುವಿನ ಮೇಲಿದೆ. ಅವಳು ಆ ಕಡೆ ನೋಡುವುದಿಲ್ಲ, ನಾನೂ ನೋಡುವುದಿಲ್ಲ. ಹೋದ ಗುರುವಾರವೂ ಪರದೆ ಎಳೆದೇ ಕಳೆಯಿತು. ಇವತ್ತು ಇನ್ನೊಂದು.

ಇವತ್ತು ಬರ್ನಿಯ ಮನೆಯ ಟ್ಯಾಂಕ್ ತುಂಬುವುದಿತ್ತು. ಎಪ್ಪತ್ತು ದಾಟಿದ ಹೆಂಗಸು, ಗುರುವಾರದ ಗುಂಪಿಗೆ ಅವಳೇ ಯಜಮಾನಿ. ಗೇಟಿನಲ್ಲೇ ಹಿಡಿದಳು.

"ಏನೋ ಕೆಂಟ್, ನೇರಳೆ ಹಿಡಿಕೆಯಂತೆ?"

"ಲೊವೆಲ್ ಹೇಳಿದ್ನಾ?"

"ಊರೇ ಹೇಳ್ತು. ಒಳಗ್ ಬಾ."

ಡ್ರಾಯರಿನಿಂದ ಒಂದು ಪಿಸ್ತೂಲು ತೆಗೆದಳು. ತೆರೆದು, ಖಾಲಿ ತೋರಿಸಿ ಕೊಟ್ಟಳು. ನಾನೂ ತೆರೆದು ನೋಡಿದೆ. ಚಿಕ್ಕದು, ಹಗುರದ್ದು, ಗುಲಾಬಿ ಬಣ್ಣ.

"ನಮ್ಮೆಜಮಾನ್ರು ತಂದಿದ್ದು. ಪಾಪ, ಸತ್ತು ಎಷ್ಟೋ ಕಾಲ ಆಯ್ತು. ಗುರುವಾರದವರು ಪ್ರತಿಯೊಬ್ರ ಮನೇಲೂ ಒಂದಿದೆ ಕಣೋ, ಗಂಡ ತಂದ ಪಿಸ್ತೂಲು. ಒಂದ್ಸಲ ಹೊಡೀತೀವಿ, ಕೈ ನೋಯಿಸ್ಕೋತೀವಿ, 'ಚೆಂದ ಇದೆ' ಅಂತೀವಿ, ಒಳಗಿಡ್ತೀವಿ."

"ಚೆಂದ ಇದೆ ಅಂತ?"

"ಹಾಗನ್ಬೇಕು ಅಂತ ಹೇಳ್ಕೊಟ್ಟಿದ್ದೇ ನಿನ್ನ ಹೆಂಡ್ತಿ. ಪೆಟ್ಟಿಗೆ ಹಿಡ್ಕೊಂಡು ನಿಂತಿರೋ ಗಂಡಸಿನ ಮುಖ ನೋಡಿದ್ರೆ ಬೇರೇನೂ ಹೇಳೋಕ್ ಬಾಯೇ ಬರಲ್ಲ ಅಂತಿದ್ಳು. ನಮ್ಮೆಲ್ರ ಗಂಡಂದಿರೂ ತಂದಿದ್ರು, ನಿನ್ನವನು ತಂದಿಲ್ವಲ್ಲೇ ಅಂತ ಅವಳನ್ನ ರೇಗಿಸ್ತಿದ್ವಿ."

ಟ್ಯಾಂಕಿನ ಮೀಟರ್ ಮುಳ್ಳು ನೋಡುತ್ತಾ ನಿಂತಿದ್ದೇನೆ. ನಗು ಬರುತ್ತಿದೆ. ಕಣ್ಣಲ್ಲೂ ಏನೋ ಬರುತ್ತಿದೆ. ಗಾಳಿ ಇರಬೇಕು.

ಅಕ್ಟೋಬರ್ 19, ಭಾನುವಾರ, ಸಂಜೆ

ಚರ್ಚ್ ಮುಗಿಸಿ ಬಂದು ಪೆಟ್ಟಿಗೆ ಇಳಿಸಿ ಮೇಜಿನ ಮೇಲಿಟ್ಟೆ. "ಇದು ನಿನಗಲ್ಲ ಅಂತ ಗೊತ್ತಾಯ್ತು. ಬರ್ನಿ ಹೇಳಿದಳು," ಅಂದೆ. ಅಲ್ಲಿಗೆ ನಿಲ್ಲಿಸಿದೆ. ಕೈ ಎರಡೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನನ್ನ ಬಾಯಿಗೂ ಕೈಗೂ ಏನೋ ಸಂಬಂಧ ಇದೆ. ಕೈ ಕಟ್ಟಿದರೆ ಬಾಯಿ ಸ್ವಲ್ಪ ನಿಲ್ಲುತ್ತದೆ.

ಕಾಫಿ ಆರಿತು.

"ಇದು... ನಿನ್... ಥರಾನೇ," ಅಂದಳು.

ಹೇಗೆ ಅಂತ ಕೇಳಲು ನಾಲಿಗೆ ತುದಿಗೆ ಬಂತು. ಕಚ್ಚಿಕೊಂಡೆ.

"ಸಣ್ಣದು. ಸದ್ದು... ಜಾಸ್ತಿ."

ಆಮೇಲೆ ನಕ್ಕಳು. ಮೊದಲು ಬಾಯಿಯ ಎಡಭಾಗ, ಅದರ ಹಿಂದೆ ನಿಧಾನಕ್ಕೆ ಬಲಭಾಗ. ಮಾರ್ಚ್‌ನಿಂದೀಚೆಗೆ ಆ ನಗು ನೋಡಿರಲಿಲ್ಲ. ನಾನೂ ನಕ್ಕೆ, ಮೇಜು ಅಲ್ಲಾಡುವಷ್ಟು.

ನಗು ನಿಂತ ಮೇಲೆ ಇನ್ನೂ ಏನೋ ಇದೆ ಅಂತ ಕಂಡಿತು. ಕಾದೆ.

"ಅವತ್ತು... ನೀನೇ ಎಳೆದ್ಯಲ್ಲ. ನಾನು... ಕೇಳಿರ್ಲಿಲ್ಲ. ನೋಡೋಕೂ... ಬಿಡ್ಲಿಲ್ಲ."

"ತೋರ್ಸಿದ್ನಲ್ಲ..."

"ತೋರ್ಸೋದು... ಬೇರೆ. ನಾನ್ ನೋಡೋದು... ಬೇರೆ."

ಸರಿಯೇ. ಪಾದ್ರಿಗೂ ಇದನ್ನೇ ಹೇಳಿದ್ದಳು.

"ನೀನು ಬಾಯಿಬಿಟ್ಟು ಏನೂ ಕೇಳೋದೇ ಇಲ್ವಲ್ಲ ಟ್ವೈಲಾ. ಕೇಳಿದ್ರೆ ತಾನೆ ನಂಗೆ ಗೊತ್ತಾಗೋದು?"

"ನೀನು... ಬಿಟ್ರೆ... ತಾನೆ?"

ಕೈ ಎರಡೂ ಮತ್ತೆ ತೊಡೆಯ ಕೆಳಗೆ ತುರುಕಿಕೊಂಡೆ.

ಅಕ್ಟೋಬರ್ 25, ಶನಿವಾರ

ಲೊವೆಲ್‌ನ ಅಂಗಡಿಯ ಮುಂದೆ, ಕಾರಿನಲ್ಲಿ. ನಾನು ಇಲ್ಲೇ ಇರಬೇಕಂತೆ. ಅಪ್ಪಣೆ.

ಗಾಜಿನಲ್ಲಿ ಕಾಣುತ್ತಿದ್ದಾಳೆ. ಲೊವೆಲ್ ಒಂದೊಂದೇ ತೆಗೆದಿಡುತ್ತಿದ್ದಾನೆ. ಅವಳು ತಲೆ ಅಲ್ಲಾಡಿಸುತ್ತಾಳೆ. ಅಲ್ಲ. ಅದೂ ಅಲ್ಲ. ಲೊವೆಲ್ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ, ಪುಣ್ಯಾತ್ಮ. ನನಗೂ ಅವನಷ್ಟು ತಾಳ್ಮೆ ಇದ್ದಿದ್ದರೆ...

ಒಂದನ್ನು ಎತ್ತಿದಳು. ಉದ್ದ ನಳಿಗೆ, ಪೂರಾ ಉಕ್ಕು. ಭಾರ ಇರಬೇಕು, ತೋಳು ಸ್ವಲ್ಪ ತಗ್ಗಿತು. ಆಮೇಲೆ ನಿಂತಿತು. ಅಲುಗಲಿಲ್ಲ.

ಬಂದಳು. ಸೀಟಿನ ಮೇಲೆ ಪೆಟ್ಟಿಗೆ ಇಟ್ಟಳು. ಬಣ್ಣ ಕಪ್ಪು. "ಸಣ್ಣ ಗುಂಡಿಂದು. ಒದೆಯಲ್ಲ," ಅಂದಳು, ಒಂದೇ ಉಸಿರಿಗೆ. ನೇರಳೆಯದು ನನಗಂತೆ. ಹೊಡೆಯುವುದು ಅವಳೇ ಕಲಿಸುತ್ತಾಳಂತೆ.

ಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಲ್ಲಿ ಜಾಗ ಮಾಡಬೇಕು. ಅವಳಿಗೆ ಹೇಳುವುದಿಲ್ಲ.

ಅಕ್ಟೋಬರ್ 30, ಗುರುವಾರ, ನಾಲ್ಕೂವರೆ

ಬಂದಿದ್ದೇವೆ. ಗುರುವಾರ!

ಇವತ್ತು ಗಂಡಸರಿಗೆ ಜಾಗ ಬೇಲಿಯಿಂದಾಚೆ. ಕಾರಿಗೆ ಒರಗಿ ನಿಂತಿದ್ದೇನೆ. ಚಳಿ ಕಚ್ಚುತ್ತಿದೆ. ತಗಡಿನಡಿ ಎಲ್ಲರೂ ಸೇರಿದ್ದಾರೆ, ಪುಡ್ಡಿಂಗಿನ ತಟ್ಟೆ ಬೆಂಚಿನ ಮೇಲೆ. ಟ್ವೈಲಾ ಒಳಗೆ ಹೋದಾಗ ಒಬ್ಬಳೂ ಅಯ್ಯೋ ಅನ್ನಲಿಲ್ಲ, ಅಪ್ಪಿಕೊಳ್ಳಲಿಲ್ಲ. ಬರ್ನಿ ಮಾತ್ರ, "ಎಷ್ಟ್ ತಡ ಮಾಡ್ದೆ! ನಿನ್ನ ಜಾಗ ಕಾಯ್ದೂ ಕಾಯ್ದೂ ಸಾಕಾಯ್ತು ಕಣೇ," ಅಂದಳು. ಟ್ವೈಲಾ ತನ್ನ ಹಳೇ ಜಾಗಕ್ಕೆ ಹೋಗಿ ನಿಂತಳು.

ಮೊನ್ನೆ ಮನೆಯಲ್ಲಿ ಇದರ ಸ್ಲೈಡನ್ನು ತಾನೇ ಎಳೆದಿದ್ದಳು. ಎರಡು ಸಲ ಜಾರಿ, ಮೂರನೆಯದಕ್ಕೆ ಬಂತು. ನಾನು ತೊಡೆಯ ಕೆಳಗೆ ಕೈ ಇಟ್ಟುಕೊಂಡೇ ಇದ್ದೆ.

ಈಗ ಪಿಸ್ತೂಲು ಹೊರಗೆ ತೆಗೆದಳು. ಮೂತಿ ದಿಬ್ಬದ ಕಡೆ. ಬಲಗೈ ಎತ್ತಿದಳು... ಚಳಿಗೆ ಮುಷ್ಟಿ ಕಟ್ಟಿಬಿಟ್ಟಿದೆ. ಬೆರಳು ಬಿಚ್ಚುತ್ತಿಲ್ಲ. ಅಯ್ಯೋ ದೇವರೇ. ಮತ್ತೆ ನೋಡುತ್ತಿದ್ದಾಳೆ. ಆಗುತ್ತಿಲ್ಲ. ಬರ್ನಿ ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು. ಉಳಿದವರೆಲ್ಲ ಬೇಕೆಂದೇ ಪುಡ್ಡಿಂಗ್ ನೋಡುತ್ತಿದ್ದಾರೆ. ಪಿಸ್ತೂಲು ಪೆಟ್ಟಿಗೆಗೆ ಹೋದರೆ ಮುಗಿಯಿತು, ಇನ್ನು ಅವಳು ಬರುವುದಿಲ್ಲ. ನನಗೆ ಗೊತ್ತು. ಓಡಿ ಹೋಗಿ ಎಳೆದು ಕೊಡಲೇ? ನಾಲ್ಕು ಹೆಜ್ಜೆ. ಹೋಗಬಾರದು. ಕೆಂಟ್, ನಿಂತಲ್ಲೇ ನಿಲ್ಲು. ನಿಲ್ಲು.

ಪಿಸ್ತೂಲನ್ನು ಬೆಂಚಿನ ಮೇಲಿಟ್ಟಳು.

ತಿರುಗಿದಳು. ಬೇಲಿಯ ಕಡೆ. ಇಯರ್‌ಮಫ್ ತೆಗೆದಳು.

"ಕೆಂಟ್!"

ಅವಳೇ. ಎಲ್ಲರೂ ತಲೆ ಎತ್ತಿದರು.

"ಇದನ್ನ... ಸ್ವಲ್ಪ..."

ಕಾಯುತ್ತಿದ್ದೇನೆ. ಮುಗಿಸಲಿ. ಎಷ್ಟು ಹೊತ್ತಾದರೂ ಆಗಲಿ.

"...ಎಳ್ದು ಕೊಡು. ನಾನ್... ನೋಡ್ತೀನಿ."

ಬಂದೆ ಟ್ವೈಲಾ. ಬಂದೆ. ಇಡುತ್ತೇನಪ್ಪ, ಗುಂಡಿ ಎಲ್ಲಿ, ಕೆಂಪು...