ಗಾಳಿಗಿಂಡಿಗೆ ಉಣ್ಣೆ ತುರುಕಿದವಳು ನಾನು

ಅನಿಲ ಸರಬರಾಜು ಕಚೇರಿಯ ಪ್ರಾದೇಶಿಕ ಮುಖ್ಯಸ್ಥರೇ,

ನನ್ನ ಪಕ್ಕದ ಮನೆಯ ಹಿರಿಯ ಹೆಂಗಸು ದೋನ್ಯಾ ಒರ್ಫೆಲಿನಾ ಕಾರ್ಕಮೊ ಅವರ ಅನಿಲ ಸಂಪರ್ಕವನ್ನು ನೀವು 'ಬಳಕೆದಾರರ ನಿರ್ಲಕ್ಷ್ಯ' ಎಂಬ ಎರಡೇ ಪದಗಳಿಂದ ಕಡಿದುಹಾಕಿ ಇಂದಿಗೆ ಇಪ್ಪತ್ತಾರು ದಿನ. ಮನೆ ತಣ್ಣಗಿದೆ ಎಂದು ಆಸ್ಪತ್ರೆಯವರು ಅವರನ್ನು ಮನೆಗೆ ಕಳಿಸುತ್ತಿಲ್ಲ. ಅವರು ಮನೆಯಲ್ಲಿಲ್ಲ ಎಂದು ನಿಮ್ಮ ತಪಾಸಕ ಮರುಜೋಡಣೆಗೆ ಬರುತ್ತಿಲ್ಲ. ಕಡಿಯಲು ಬಂದಾಗ ಮಾತ್ರ ಯಾರ ಹಾಜರಿಯೂ ಬೇಕಾಗಿರಲಿಲ್ಲ. ಈ ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಓದಬಲ್ಲವರು ನಿಮ್ಮ ಕಚೇರಿಯಲ್ಲಿ ಒಬ್ಬರಾದರೂ ಇದ್ದಾರೆಯೇ?

ಈ ದಕ್ಷಿಣ ತುದಿಯ ನಡುಚಳಿಗಾಲವಾದ ಜುಲೈ ತಿಂಗಳಲ್ಲಿ, ಜಲಸಂಧಿಯ ದಡವೆಲ್ಲ ಹೆಪ್ಪುಗಟ್ಟಿದ್ದ ವಾರದಲ್ಲಿ, ನಿಮ್ಮ ಕೊಳವೆ ಕೈಕೊಟ್ಟಿತು. ಮೂರು ದಿನ ಅನಿಲವಿಲ್ಲ. ಮೊದಲ ದಿನವೇ ನಿಮ್ಮ ಸೂಚನಾಪತ್ರ ಬಾಗಿಲ ಸಂದಿಯಿಂದ ಒಳಬಂತು. ನ್ಯಾಯವಾಗಿ ಹೇಳಬೇಕು, ಅದರಲ್ಲಿ ತಪ್ಪು ಮಾತು ಒಂದೂ ಇರಲಿಲ್ಲ. ಒಳಗೆ ಇದ್ದಿಲು ಹೊತ್ತಿಸಬೇಡಿ, ಅದರ ವಾಸನೆಯಿಲ್ಲದ ವಿಷಾನಿಲ ಕೊಲ್ಲುತ್ತದೆ, ಗಾಳಿಗಿಂಡಿ ಮುಚ್ಚಬೇಡಿ, ಮನೆಯ ಎಲ್ಲ ಸದಸ್ಯರೂ ಒಂದೇ ಕೋಣೆಯಲ್ಲಿ ಸೇರಿ ಮೈಯ ಬಿಸಿ ಹಂಚಿಕೊಳ್ಳಿ. ನಾನು ಸೂಚನೆ ಪಾಲಿಸುವ ಹೆಂಗಸು. ಹಡಗು ಕಚೇರಿಯಲ್ಲಿ ಕಾಗದಪತ್ರ ಭಾಷಾಂತರಿಸುವುದು ನನ್ನ ಕೆಲಸ, ಪ್ರತಿ ಪದಕ್ಕೂ ಬೆಲೆ ಕೊಡುತ್ತೇನೆ. ಹಾಗಾಗಿ ನನ್ನ ಮನೆಯ ಎಲ್ಲ ಸದಸ್ಯರೂ, ಅಂದರೆ ನಾನು, ಅಡುಗೆಮನೆಯಲ್ಲಿ ಸೇರಿದೆ. ಅಂಗಳದಲ್ಲಿ ಇದ್ದಿಲು ಹೊತ್ತಿಸಿ, ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ ಕಂಬಳಿಯೊಳಗೆ ಇಟ್ಟುಕೊಂಡೆ. ಒಂದು ಹಲಗೆಯ ಗೋಡೆಯಾಚೆ ದೋನ್ಯಾ ಒರ್ಫೆಲಿನಾ ಕೂಡ ಹಾಗೆಯೇ ಒಬ್ಬರೇ ಸೇರಿದ್ದರು. ಇನ್ನೊಂದು ಚೀಲ ತುಂಬಬೇಕೆಂದು ನನಗೆ ಹೊಳೆಯಲಿಲ್ಲ. ಕರೆಯದೆ ಯಾರ ಮನೆಗೂ ಹೋಗಬಾರದೆಂದು ನನ್ನ ಇಂಗ್ಲಿಷ್ ಶಾಲೆ ಕಲಿಸಿತ್ತು. ಅದನ್ನು ಸಭ್ಯತೆ ಎಂದು ಇಷ್ಟು ವರ್ಷ ನಂಬಿದ್ದೆ.

ಇನ್ನು ಆ ಗಾಳಿಗಿಂಡಿಯ ವಿಷಯ. ಈ ಬೀದಿಯಲ್ಲಿ ಅದನ್ನು ಮುಚ್ಚದ ಮನೆ ಯಾವುದು? ಮನುಷ್ಯರು ಹಗ್ಗ ಹಿಡಿದು ರಸ್ತೆ ದಾಟುವಂಥ ಗಾಳಿ ನಮ್ಮದು. ಏಪ್ರಿಲ್ ಬಂತೆಂದರೆ ಕುರಿಯ ತುಪ್ಪಟ ಕತ್ತರಿಸುವವರು ಬಿಟ್ಟುಹೋದ ತೊಳೆಯದ ಉಣ್ಣೆಯನ್ನು ಕಿಂಡಿಗೆ ತುರುಕುತ್ತೇವೆ, ವಸಂತದಲ್ಲಿ ತೆಗೆಯುತ್ತೇವೆ. ಉಣ್ಣೆ ಉಸಿರಾಡುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಕುರಿಯ ಮೈಮೇಲೆ ಉಸಿರಾಡುತ್ತದೋ ಏನೋ. ಜಿಡ್ಡು ಸಮೇತ ಮುಷ್ಟಿ ಮುಷ್ಟಿಯಾಗಿ ಒತ್ತಿದ ಮೇಲೆ ಉಸಿರಾಡುವುದಿಲ್ಲ. ಇದು ನಮ್ಮ ತಪ್ಪು. ನಿಮ್ಮ ತಪಾಸಕರು ಪ್ರತಿ ವರ್ಷ ಬೇಸಿಗೆಯಲ್ಲೇ ಬಂದು, ಬರಿದಾದ ಕಿಂಡಿ ನೋಡಿ ಸಹಿ ಹಾಕಿ ಹೋಗುವುದು ಯಾರ ತಪ್ಪು?

ಮೂರನೆಯ ಬೆಳಿಗ್ಗೆ ನನ್ನ ಇದ್ದಿಲು ಮುಗಿಯಿತು. ಎರಡು ಹಿಡಿ ಕೇಳೋಣವೆಂದು ಪಕ್ಕದ ಮನೆಯ ಕದ ತಟ್ಟಿದೆ. ಉತ್ತರವಿಲ್ಲ. ತಳ್ಳಿದೆ. ಬೋಗುಣಿಯ ಕೆಂಡದ ಮುಂದೆ ಅವರು ಕೂತಿದ್ದರು, ಮುಖ ಕೆಂಪಗಿತ್ತು.

"ಬಾಗ್ಲು ಹಾಕ್ಕೊಳೇ, ಬಿಸಿ ಎಲ್ಲಾ ಹೋಗುತ್ತೆ."

"ದೋನ್ಯಾ ಒರ್ಫೆ, ಏಳಿ. ಹೊರಗೆ ಬನ್ನಿ."

"ಈಗ ತಾನೇ ಬೆಚ್ಚಗಾಗಿದೀನಿ. ತಲೆನೋವು ಬೇರೆ. ನೀನೂ ಕೂತ್ಕೋ, ಇಂಗ್ಲಿಷ್ ಮೇಡಂ. ನಿಮ್ಮ ಇಂಗ್ಲಿಷ್ ಶಾಲೇಲಿ ಕೂತ್ಕೊಳೋಕೂ ಶುಲ್ಕ ಇತ್ತಾ?"

ಎದ್ದು ನಿಲ್ಲಲು ಅವರಿಂದಾಗಲಿಲ್ಲ. ಕಂಬಳಿ ಸಮೇತ ಎಳೆದು ಹಿಮದ ಮೇಲೆ ಕೂರಿಸಿ, ಒಳಗೆ ಓಡಿ ಕಿಟಕಿ ತೆರೆದು, ಕುರ್ಚಿ ಹತ್ತಿ ಕಿಂಡಿಯ ಉಣ್ಣೆ ಕಿತ್ತು ನೆಲಕ್ಕೆ ಎಸೆದೆ. ನಿಮ್ಮ ತಪಾಸಕ ಆಮೇಲೆ ಫೋಟೊ ತೆಗೆದದ್ದು ಆ ಉಣ್ಣೆಯನ್ನೇ.

ಮುಖ್ಯಸ್ಥರೇ, ಆ ಕಿಂಡಿ ಬಾಗಿಲ ಚೌಕಟ್ಟಿಗಿಂತ ಎತ್ತರದಲ್ಲಿದೆ. ದೋನ್ಯಾ ಒರ್ಫೆಲಿನಾ ಬಲಗೈಯನ್ನು ಭುಜದಿಂದ ಮೇಲಕ್ಕೆ ಎತ್ತಲಾರರು, ಕೂದಲನ್ನೂ ಎಡಗೈಯಲ್ಲೇ ಬಾಚುತ್ತಾರೆ. ಆಸ್ಪತ್ರೆಯ ಮಂಚದ ಪಕ್ಕ ನಿಂತು "ನಾನೇ ತುರುಕಿದ್ದು" ಎಂಬ ಅವರ ಹೇಳಿಕೆ ಬರೆದುಕೊಂಡ ನಿಮ್ಮ ಮನುಷ್ಯನಿಗೆ, ಹೇಗೆ ಎಂದು ಕೇಳಬೇಕೆನಿಸಲಿಲ್ಲವೇ? ಏಪ್ರಿಲ್‌ನಲ್ಲಿ ಅದೇ ಕುರ್ಚಿಯ ಮೇಲೆ ಹತ್ತಿದವಳು ನಾನು. ಅವರು ಕೆಳಗೆ ನಿಂತು "ಇನ್ನೂ ಗಟ್ಟಿಯಾಗಿ ಒತ್ತೇ, ಪುಸ್ತಕ ಹಿಡಿದ ಕೈಗೆ ಇಷ್ಟೇನಾ ಜೋರು" ಎಂದು ಹಂಗಿಸುತ್ತಿದ್ದರು. ನಾನು ಒತ್ತಿದೆ.

ಕಳೆದ ಭಾನುವಾರ ಅವರನ್ನು ಕೇಳಿದೆ, ಸುಳ್ಳು ಯಾಕೆ ಹೇಳಿದಿರಿ ಎಂದು.

"ನಿನ್ ಹೆಸರು ಹೇಳಿದ್ರೆ ನಿಂಗೂ ಗ್ಯಾಸು ಕಿತ್ತಾಕ್ತಾರೆ. ಇಬ್ರೂ ಯಾಕೆ ನಡುಗ್ಬೇಕು? ನಂಗೆ ಇಲ್ಲಿ ಬೆಚ್ಚಗಿದೆ." ಎಡಗೈಯಿಂದ ಹೊದಿಕೆ ಎಳೆದುಕೊಂಡರು. "ಬೆಚ್ಚಗೇನೋ ಇದೆ ಕಣೇ. ಮಾತಾಡೋಕೆ ಯಾರೂ ಇಲ್ಲ."

ಅವರ ಹೃದಯ ದುರ್ಬಲವಾಗಿದೆ. ಈ ತಿಂಗಳ ಕೊನೆಗೆ ಮನೆ ಬೆಚ್ಚಗಾಗದಿದ್ದರೆ ದೂರದ ಊರಿನ ವೃದ್ಧಾಶ್ರಮಕ್ಕೆ ಸಾಗಿಸುತ್ತಾರಂತೆ. ಅಲ್ಲಿಂದ ಹಿಂದಿರುಗಿದವರನ್ನು ನಾನು ಕಂಡಿಲ್ಲ. ಅವರ ಅಡುಗೆಮನೆಯ ಗೋಡೆ ಈಗ ನನ್ನ ಕಡೆಗೂ ತಣ್ಣಗೆ ಕೊರೆಯುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಮ್ಮ ಕಡತದಲ್ಲಿ ಅವರ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ. ಶುಕ್ರವಾರದೊಳಗೆ ಅವರ ಸಂಪರ್ಕ ಮರಳಿಸಿ. ಅವರ ಪರವಾಗಿ ಬಾಗಿಲು ತೆರೆಯಲು ನಾನಿರುತ್ತೇನೆ, ಕಿಂಡಿ ಖಾಲಿಯಿರುತ್ತದೆ. ನಿರ್ಲಕ್ಷ್ಯಕ್ಕೆ ಒಂದು ಸಂಪರ್ಕ ಕಡಿಯಲೇಬೇಕೆಂಬ ನಿಯಮವಿದ್ದರೆ ನನ್ನದನ್ನು ಕಡಿಯಿರಿ. ನಾನು ಎಲ್ಲಿ ಬೆಚ್ಚಗಿರುತ್ತೇನೆಂಬ ಚಿಂತೆ ನಿಮಗೆ ಬೇಡ. ಪಕ್ಕದ ಮನೆಯಲ್ಲಿರುತ್ತೇನೆ.

ಇಂತಿ,
ಮೂರನೆಯ ದಿನ, ಅದೂ ಇದ್ದಿಲು ಕೇಳಲು, ಕದ ತಟ್ಟಿದ ನೆರೆಯವಳು
ಮಿರೆಲ್ಯಾ ಹಾರೊ