ತಡವಾಗಿ ಹೇಳಿದ ಸಾಕ್ಷಿ

ನನ್ನ ಗುಡುಗೇ,

ನಿನ್ನನ್ನು ಈ ಹೆಸರಿನಿಂದ ಕರೆದು ಹದಿನಾಲ್ಕು ವರ್ಷವಾಯಿತು. ನೀನು ತೀರಿಕೊಂಡೇ ಒಂಬತ್ತು ವರ್ಷ. ಓದುವವನಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬರೆಯದಿದ್ದರೆ ನೀನು ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಬ್ಯಾಂಡು ಅಭ್ಯಾಸ ಮಾಡುತ್ತಿದ್ದಾಗ, ಮೇಲೆ ನೆಲ ಒರೆಸುತ್ತಿದ್ದ ಅಜ್ಜಿ ಬಕೆಟ್ ಸಮೇತ ಇಳಿದು ಬಂದು, “ಸ್ವರ್ಗದ ಬಾಗಿಲು ತಟ್ಟು ಅಂದ್ರೆ ಕಿತ್ತೇ ಹಾಕ್ತೀಯಲ್ಲೋ, ಗುಡುಗು!” ಎಂದಿದ್ದಳು. ಆ ಹೆಸರೇ ನಿನಗೆ ನಿಂತಿತು. ನಾನು ಗಿಟಾರ್ ಹಿಡಿದು ಹಾಡುತ್ತಿದ್ದೆ, ನೀನು ಡ್ರಮ್ಸ್ ಬಾರಿಸುತ್ತಿದ್ದೆ. ಯೇಸುವಿನ ಹಾಡನ್ನು ರಾಕ್‌ನ ಅಬ್ಬರದಲ್ಲಿ ಹಾಡುವ ಪಾದ್ರಿಯ ಮಗ ಎಂದು ನನ್ನ ಹೆಸರು ಊರೂರಿಗೆ ಹರಡಿತು. ವ್ಯಾನಿನ ಹಿಂದಿನ ಸೀಟಿನಲ್ಲಿ, ಕೇಬಲ್ ಸುರುಳಿಗಳ ನಡುವೆ, ನಿನ್ನ ಒರಟು ಕೈಯೊಳಗೆ ನನ್ನ ಕೈ ಇಟ್ಟುಕೊಂಡು ಕೂತಿರುತ್ತಿದ್ದೆ. ನಾಲ್ಕು ವರ್ಷ ನಮಗಿದ್ದ ಮನೆ ಅಷ್ಟೇ.

ಯಾರೋ ನೋಡಿದರು. ಚರ್ಚಿನ ಹಿರಿಯರು ಸಭೆ ಕರೆದರು. ಉದ್ದ ಮೇಜಿನ ಆ ತುದಿಯಲ್ಲಿ ಅಪ್ಪ, ಈ ತುದಿಯಲ್ಲಿ ನಾವಿಬ್ಬರು. ಅಪ್ಪ ನನ್ನನ್ನೇ ಕೇಳಿದರು: “ಹೇಳಪ್ಪಾ, ಜನ ಹೇಳ್ತಿರೋದು ನಿಜಾನಾ?”

“ಅವನ ಮನಸ್ಸಲ್ಲಿ ಏನಿದೆಯೋ ಗೊತ್ತಿಲ್ಲಪ್ಪ. ನನಗಂತೂ ಅಂಥದ್ದೇನಿಲ್ಲ,” ಎಂದೆ.

ನೀನು ಮುಂದಿದ್ದ ನೀರು ಕುಡಿದು, ಲೋಟ ಕೆಳಗಿಟ್ಟು ಎದ್ದು ಹೋದೆ. ನಿನ್ನ ಜೀವಮಾನದಲ್ಲಿ ಸದ್ದಿಲ್ಲದೆ ಮಾಡಿದ ಒಂದೇ ಕೆಲಸ ಅದು.

ನಿನ್ನ ಜಾಗಕ್ಕೆ ಬೇರೊಬ್ಬ ಬಂದ. ನಾನು ದೊಡ್ಡವನಾದೆ. ನನ್ನ ಹಾಡು ಕೇಳಿ ಧೈರ್ಯ ಬಂತು ಎಂದು ಜನ ಕಾಗದ ಬರೆಯುತ್ತಿದ್ದರು. ಓದಿ ಮುಖ ಮುಚ್ಚಿಕೊಳ್ಳುತ್ತಿದ್ದೆ. ನೀನು ಪೇಂಟ್ ಅಂಗಡಿಯಲ್ಲಿ ಡಬ್ಬ ಎತ್ತುತ್ತಿದ್ದೀಯೆಂದು ಕೇಳಿದೆ. ಆಮೇಲೆ ಜ್ವರ, ಮೂರು ದಿನ ಆಸ್ಪತ್ರೆ, ಮಣ್ಣು. ಸುದ್ದಿ ಮುಟ್ಟಿದ್ದು ವೇದಿಕೆಯ ಮೆಟ್ಟಿಲಲ್ಲಿ. ಹತ್ತಿದೆ. ಹಾಡಿದೆ.

ಅವತ್ತಿನಿಂದ ಶುರು. ಪ್ರತಿ ಹಾಡಿಗೂ ಮುಂಚೆ, ಹೊಸಬ ಕೋಲು ಎತ್ತುವ ಮೊದಲೇ, ನನ್ನ ಕಿವಿಯಲ್ಲಿ ಹಾಡು ಎತ್ತಿಕೊಡುವ ನಾಲ್ಕು ಏಟು. ನಿನ್ನವೇ, ನಾಲ್ಕನೆಯದು ಕೂದಲೆಳೆಯಷ್ಟು ಆತುರ. ಸೌಂಡಿನವನು ವೇದಿಕೆಯಲ್ಲಿ ನಾನು ಹಾಕಿಕೊಳ್ಳುವ ಇಯರ್‌ಫೋನ್ ಬದಲಾಯಿಸಿದ, ವೈರು ಬದಲಾಯಿಸಿದ. “ಅಣ್ಣ, ಲೈನಲ್ಲಿ ಏನೂ ಇಲ್ಲ,” ಎಂದ.

ಕಳೆದ ತಿಂಗಳು ಬ್ಯಾಂಡಿಗೆ ಇಪ್ಪತ್ತು ವರ್ಷ ತುಂಬಿದ ಕಾರ್ಯಕ್ರಮ. ಮಧ್ಯಾಹ್ನ, ಕಿಕ್ಕಿರಿದ ಸಭಾಂಗಣ, ಮೊದಲ ಸಾಲಿನಲ್ಲಿ ಅಪ್ಪ. ದೇವರು ನನ್ನ ಬದುಕಿನಲ್ಲಿ ಮಾಡಿದ ಉಪಕಾರಕ್ಕೆ ನಾನು ಸಾಕ್ಷಿ ಹೇಳಬೇಕಿತ್ತು. ಕಿವಿಯಲ್ಲಿ ಅದೇ ನಾಲ್ಕು ಏಟು ಬಿದ್ದವು. ಗಿಟಾರ್ ಕೆಳಗಿಟ್ಟೆ.

“ನಾನು ಗೇ. ನಮ್ಮ ಮೊದಲ ಡ್ರಮ್ಮರನ್ನ ಪ್ರೀತಿಸಿದ್ದೆ. ಹಿರಿಯರ ಮುಂದೆ ಅವನ ಕೈ ಬಿಟ್ಟೆ. ನಾನು ಪಾಪ ಮಾಡಿದ್ದು ಅವತ್ತು, ಆ ಮೇಜಿನ ಮುಂದೆ.”

ಕುರ್ಚಿಗಳು ಕಿರ್ರೆಂದವು. ಅರ್ಧ ಸಭೆ ಎದ್ದು ಹೋಯಿತು. ಅಪ್ಪ ಏಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಮುಂದಿನ ಕಾರ್ಯಕ್ರಮಗಳೆಲ್ಲ ಒಂದೊಂದಾಗಿ ರದ್ದಾದವು. ವಾರದ ಮೇಲೆ ಅಪ್ಪ ಫೋನ್ ಮಾಡಿ, “ಅವತ್ತು ನಾನು ನಿನ್ನೊಬ್ಬನ್ನೇ ಕೇಳಿದೆ. ಅವನನ್ನೂ ಕೇಳಬೇಕಿತ್ತು,” ಎಂದು ಇಟ್ಟುಬಿಟ್ಟರು.

ನಿನ್ನೆ ನಿಮ್ಮಮ್ಮನ ಹತ್ತಿರ ಹೋಗಿದ್ದೆ. ಬಾಗಿಲು ತೆರೆದರು, ಒಳಗೆ ಬಾ ಎನ್ನಲಿಲ್ಲ. ನಿಂತೇ ಎಲ್ಲ ಹೇಳಿದೆ. “ಅವನು ಕೇಳಿಸ್ಕೊಳ್ಳೋ ಹಾಗಿದ್ದಾಗ ಹೇಳಬೇಕಿತ್ತು ಕಣಪ್ಪಾ,” ಎಂದರು. ತಿರುಗಿ ಇಳಿಯುವಾಗ ಹಿಂದಿನಿಂದ ಕೇಳಿದರು: “ಚೆನ್ನಾಗಿ ಬಾರಿಸ್ತಿದ್ನಾ? ಆ ಸದ್ದಿಗೆ ತಲೆನೋವು ಅಂತ ನಾನು ಒಂದು ದಿನಾನೂ ಕೇಳೋಕೆ ಬರಲಿಲ್ಲ.”

ಅವರು ಹೊಸ್ತಿಲ ಮೇಲೆ ಕೂತರು. ನಾನು ಕೆಳಗಿನ ಮೆಟ್ಟಿಲಲ್ಲಿ ಕೂತು, ಕತ್ತಲಾಗುವವರೆಗೆ ನಿನ್ನ ಬಗ್ಗೆಯೇ ಹೇಳಿದೆ.

ನೀನಿರುವಲ್ಲಿ ಯಾರೂ ನಿನ್ನನ್ನು ಮೇಜಿನ ತುದಿಗೆ ಕೂರಿಸದಿರಲಿ. ದೇವರು ನಿನ್ನನ್ನು ಪಕ್ಕದಲ್ಲೇ ಇಟ್ಟುಕೊಂಡಿರಲಿ.

ಈಗ ಎಲ್ಲರೆದುರೂ
ನಿನ್ನವನೇ